ಅಪುರ್ ಸಂಸಾರ್ ನೋಡುತ್ತಾ ಅಮ್ಮ ಅರ್ಧಕ್ಕೇ ಎದ್ದು ಹೋದರು. ಉಳಿದದ್ದು ತೋರಿಸಲಾ?

ಕಾಫಿಪುಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ಸಿನಿಮಾ ಹುಚ್ಚಿನವರು ಜಾಸ್ತಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊನ್ನೆ ಭಾನುವಾರ ಅಮ್ಮನ ಜೊತೆ ಕೂತು ಸತ್ಯಜಿತ್ ರಾಯ್ ಅವರ 'ಅಪುರ್ ಸಂಸಾರ್' ಹಾಕಿದೆ. 1959ರ ಬಂಗಾಳಿ ಸಿನಿಮಾ. ಅಮ್ಮನಿಗೆ 72 ವರ್ಷ. ಬಂಗಾಳಿ ಬರುವುದಿಲ್ಲ. ಕೆಳಗೆ ಬರುವ ಇಂಗ್ಲಿಷ್ ಓದಿ ಮುಗಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಹಾಗಾಗಿ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ.

ನೋಡದವರಿಗೆ ಕಥೆ ಇಷ್ಟು. ಅಪು ಓದಿಕೊಂಡ ಬಡ ಹುಡುಗ. ಕಲ್ಕತ್ತೆಯಲ್ಲಿ ರೈಲು ಹಳಿಯ ಪಕ್ಕ ಮಹಡಿ ಮೇಲಿನ ಒಂದು ಕೋಣೆ. ಮೂರು ತಿಂಗಳ ಬಾಡಿಗೆ ಬಾಕಿ. ಕೆಲಸ ಇಲ್ಲ, ಕಾದಂಬರಿ ಬರೆಯುವ ಆಸೆ ಮಾತ್ರ ಇದೆ. ಗೆಳೆಯ ಪುಲು ಅವನನ್ನು ಖುಲ್ನಾ ಕಡೆಯ ಹಳ್ಳಿಗೆ, ತನಗೆ ತಂಗಿಯಾಗಬೇಕಾದ ಹುಡುಗಿಯ ಮದುವೆಗೆ ಕರೆದುಕೊಂಡು ಹೋಗುತ್ತಾನೆ. ದಿಬ್ಬಣ ಬಂದ ಮೇಲೆ ನೋಡಿದರೆ ಮದುಮಗನ ಬುದ್ಧಿ ನೆಟ್ಟಗಿಲ್ಲ. ಮುಹೂರ್ತ ಮೀರಿದರೆ ಹುಡುಗಿಗೆ ಇನ್ನು ಮದುವೆಯೇ ಇಲ್ಲ ಅನ್ನುವ ನಂಬಿಕೆ. ಊಟ ಮಾಡಿ ಹೋಗಲು ಬಂದ ಅಪುವನ್ನೇ ಹಸೆಮಣೆ ಮೇಲೆ ಕೂರಿಸುತ್ತಾರೆ. ದೊಡ್ಡ ಮನೆಯ ಹುಡುಗಿ ಅಪರ್ಣಾ ಆ ಒಂದು ಕೋಣೆಗೆ ಸೊಸೆಯಾಗಿ ಬರುತ್ತಾಳೆ.

ಇಲ್ಲಿಯವರೆಗೆ ಅಮ್ಮ ಚೆನ್ನಾಗಿ ನೋಡಿದರು. ಅಪರ್ಣಾ ಕೋಣೆಗೆ ಬಂದು ಕಿಟಕಿ ಹತ್ತಿರ ನಿಲ್ಲುತ್ತಾಳೆ. ಹರಿದ ಪರದೆ. ಅಳುತ್ತಾಳೆ. ಅಷ್ಟೇ, ಅಮ್ಮ "ಸಾಕು ನಿಲ್ಲಿಸು, ಅಕ್ಕಿ ನೆನೆಹಾಕಬೇಕು" ಅಂತ ಎದ್ದು ಹೋದರು. ಅಕ್ಕಿ ಬೆಳಿಗ್ಗೆಯೇ ನೆನೆಹಾಕಿ ಆಗಿತ್ತು.

ಅಮ್ಮನದೂ ಇಂಥದ್ದೇ ಮದುವೆ. 1974. ಕೊಪ್ಪದ ಹತ್ತಿರದ ತೋಟದ ಮನೆ. ಅಜ್ಜನಿಗೆ ಹುಷಾರಿಲ್ಲ, ಕಣ್ಣು ಮುಚ್ಚುವುದರೊಳಗೆ ಧಾರೆ ಆಗಬೇಕು ಅಂತ ಒಂಬತ್ತು ದಿನದಲ್ಲಿ ಮುಗಿಸಿದರು. ಅಪ್ಪ ಬೆಂಗಳೂರಿನಲ್ಲಿ ಗುಮಾಸ್ತ. ಚಾಮರಾಜಪೇಟೆಯ ವಠಾರದಲ್ಲಿ ಒಂದೂವರೆ ಕೋಣೆ. ಆ ಹರಿದ ಪರದೆ ನೋಡಿ ಅಮ್ಮನಿಗೆ ತನ್ನ ಬಡತನ ನೆನಪಾಯಿತು ಅಂತ ಕಾಣುತ್ತದೆ. ಅಪ್ಪ ಹೋಗಿ ಆರು ವರ್ಷ ಆಯಿತು.

ಈಗ ನನ್ನ ಪ್ರಶ್ನೆ. ಮುಂದೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಉಳಿದದ್ದು ಅವರಿಗೆ ತೋರಿಸಲಾ, ಬೇಡವಾ?

ಹಳೇ ರೀಲು

ತೋರಿಸಿ ಮೇಡಂ. ನೀವು ನಿಲ್ಲಿಸಿದ್ದು ತಪ್ಪಾದ ಜಾಗದಲ್ಲಿ. ಆ ಅಳುವ ದೃಶ್ಯ ಮುಗಿದ ಕೂಡಲೇ ಸಿನಿಮಾ ಕೆಲವು ತಿಂಗಳು ಮುಂದೆ ಜಿಗಿಯುತ್ತದೆ. ಅದೇ ಕಿಟಕಿ, ಆದರೆ ಹೊಸ ಪರದೆ, ಹೂವಿನ ಕುಂಡ. ಅಲಾರಾಂ ಹೊಡೆಯುತ್ತದೆ. ಅಪರ್ಣಾ ಏಳಲು ಹೋದರೆ ಸೆರಗು ಬಿಡುತ್ತಿಲ್ಲ. ಗಂಡ ಅದನ್ನು ತನ್ನ ಬಟ್ಟೆಗೆ ಗಂಟು ಹಾಕಿಕೊಂಡು ಮಲಗಿದ್ದಾನೆ. ಅವಳು ಬಿಡಿಸಿಕೊಂಡು, ಅವನಿಗೊಂದು ಏಟು ಕೊಟ್ಟು, ಒಲೆ ಹಚ್ಚಲು ಹೋಗುತ್ತಾಳೆ. ಅವನು ಹಾಸಿಗೆಯಲ್ಲಿ ಸಿಕ್ಕ ಅವಳ ಹೇರ್‌ಪಿನ್ ಹಿಡಿದು ನೋಡುತ್ತಾ ಮಲಗಿರುತ್ತಾನೆ. ಸಿಗರೇಟು ಪ್ಯಾಕೆಟ್ ತೆಗೆದರೆ ಒಳಗೆ ಅವಳ ಚೀಟಿ. ಊಟದ ನಂತರ ಒಂದೇ ಒಂದು ಅಂತ ಮಾತು ಕೊಟ್ಟಿದ್ದೀಯ ಅನ್ನುವ ಅರ್ಥದ್ದು.

ಒಂದು ಮುತ್ತಿಲ್ಲ, ಅಪ್ಪುಗೆ ಇಲ್ಲ, ಹಾಡಿಲ್ಲ. ಅವರಿಬ್ಬರೂ ಪ್ರೀತಿಯಲ್ಲಿ ಬಿದ್ದದ್ದನ್ನು ರಾಯ್ ತೋರಿಸುವುದೇ ಇಲ್ಲ. ಬಿದ್ದು ಆಗಿದೆ ಅಂತ ತೋರಿಸುತ್ತಾರೆ.

ನಾನು ಮೊದಲು ನೋಡಿದ್ದು ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದರಲ್ಲ, ಆಗ. ಮನೆಯವರೆಲ್ಲ ಊಟ ಮಾಡಿ ಮಲಗಿದ್ದರು. ನಾನೊಬ್ಬನೇ ಎದ್ದಿದ್ದೆ.

ನಿದ್ದೆಪುರುಕ

ಆ ಮಲಗಿದ್ದ ಮನೆಯವರಲ್ಲಿ ನಾನೂ ಒಬ್ಬ ಅಂದುಕೊಳ್ಳಿ. ಭಾನುವಾರ ಮಧ್ಯಾಹ್ನ, ಕಪ್ಪು ಬಿಳುಪು, ಸಿತಾರ್. ಇದಕ್ಕಿಂತ ಒಳ್ಳೆ ನಿದ್ದೆ ಮಾತ್ರೆ ಇನ್ನೂ ಬಂದಿಲ್ಲ.

ಗಿರ್ಮಿಟ್

ಎಲ್ಲರೂ ಬೈಯುವ ಮೊದಲೇ ಹೇಳಿಬಿಡುತ್ತೇನೆ, ಸಿನಿಮಾ ನೋಡಿದ್ದೇನೆ, ಚೆನ್ನಾಗಿದೆ. ಆದರೆ ಇದನ್ನು ಪ್ರೇಮಕಥೆ ಅನ್ನುವಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತದೆ ರೀ.

ಅಪುವನ್ನು ಕೇಳುತ್ತಾರೆ. ಅವನು ಮೊದಲು ಆಗುವುದಿಲ್ಲ ಅನ್ನುತ್ತಾನೆ, ಇದೇನು ನಾಟಕವೇ ಅಂತ ಸಿಟ್ಟಾಗುತ್ತಾನೆ. ಆಮೇಲೆ ಕೂತು ಯೋಚಿಸುತ್ತಾನೆ. ಕೊನೆಗೆ ಪುಲುವನ್ನು ಕರೆದು, ನೀನು ಹೇಳಿದ್ದ ಆ ಕೆಲಸ ಇನ್ನೂ ಇದೆಯಾ ಅಂತ ವಿಚಾರಿಸಿ ಒಪ್ಪುತ್ತಾನೆ. ಅಂದರೆ ಅವನಿಗೆ ಬೇಡ ಅನ್ನುವ ಅವಕಾಶ ಇತ್ತು, ಬೇಕು ಅನ್ನುವ ಅವಕಾಶವೂ ಇತ್ತು. ಹುಡುಗಿಯನ್ನು ಯಾರು ಕೇಳಿದರು? ಅವಳು ಒಳಗೆ ಅಲಂಕಾರ ಮಾಡಿಕೊಂಡು ಕೂತಿದ್ದಾಳೆ. ಬೆಳಿಗ್ಗೆ ಒಬ್ಬ ಗಂಡ, ಸಂಜೆ ಇನ್ನೊಬ್ಬ ಗಂಡ. ಅವಳಿಗೆ ಸಿಗುವ ಮೊದಲ ಪ್ರಶ್ನೆ ಮದುವೆ ರಾತ್ರಿ, ಬಡ ಗಂಡನ ಜೊತೆ ಬಾಳಲು ಆಗುತ್ತದಾ ಅಂತ. ಎಲ್ಲ ಮುಗಿದ ಮೇಲೆ! ಆಗುವುದಿಲ್ಲ ಅಂದಿದ್ದರೆ ಏನು ಮಾಡುತ್ತಿದ್ದ?

ನಮ್ಮ ಕಡೆ ಸಿನಿಮಾಗಳಲ್ಲೂ ಇದು ಇತ್ತಲ್ಲ. ವರದಕ್ಷಿಣೆ ಸ್ಕೂಟರ್ ಬರಲಿಲ್ಲ ಅಂತ ಬೀಗರು ಮಂಟಪದಿಂದ ಏಳುವುದು, ಮೂಲೆಯಲ್ಲಿ ನಿಂತಿದ್ದ ಹೀರೋ ಬಂದು ತಾಳಿ ಕಟ್ಟುವುದು. ಜನ ಸೀಟಿ ಹೊಡೆಯುವುದು.

ಹಳೇ ರೀಲು

ಗಿರ್ಮಿಟ್ ಅವರೇ, ಆ ಹೀರೋಗೂ ಅಪುವಿಗೂ ವ್ಯತ್ಯಾಸ ಇದೆ. ಆ ಹೀರೋ ತಾಳಿ ಕಟ್ಟಿದ ಕೂಡಲೇ ದೊಡ್ಡವನಾಗುತ್ತಾನೆ. ಅಪು ಮದುವೆಯಾಗಿ ಚಿಕ್ಕವನಾಗುತ್ತಾನೆ. ಮದುವೆಯ ರಾತ್ರಿ ನೋಡಿ, ಹೂವಿನ ಮಂಚದ ಪಕ್ಕ ಅಡ್ಡಾಡುತ್ತಾ, ನನಗೆ ಮನೆಯಿಲ್ಲ ಹಣವಿಲ್ಲ ಅಂತ ತಪ್ಪೊಪ್ಪಿಗೆ ಮಾಡಿಕೊಳ್ಳುತ್ತಿರುತ್ತಾನೆ. ಹೊರಗೆ ದೋಣಿಯವನ ಹಾಡು.

ಇನ್ನೊಂದು ತಮಾಷೆ ಮರೆಯಬೇಡಿ. ಮದುವೆಗೆ ಸ್ವಲ್ಪ ಮೊದಲು ಅಪು ರಾತ್ರಿ ಹಳಿ ಮೇಲೆ ನಡೆಯುತ್ತಾ ತನ್ನ ಕಾದಂಬರಿಯ ಕಥೆ ಹೇಳುತ್ತಾನೆ. ಪುಲು ಕಾಲೆಳೆಯುತ್ತಾನೆ. ನಿನಗೆ ಪ್ರೀತಿಯ ಗಂಧ ಗಾಳಿ ಗೊತ್ತಿಲ್ಲ, ಹೆಂಗಸರ ಪರಿಚಯ ಇಲ್ಲ, ಆ ಭಾಗ ಹೇಗೆ ಬರೆಯುತ್ತೀಯ ಅಂತ. ಅಪು ಕಲ್ಪನೆ ಇದೆಯಲ್ಲ ಅನ್ನುತ್ತಾನೆ. ಕೆಲವೇ ದಿನದಲ್ಲಿ ಗಂಡನಾಗುತ್ತಾನೆ.

ಹೂಗ್ಲಿ ದಂಡೆ

ಕೊಲ್ಕತ್ತದಲ್ಲಿ 19 ವರ್ಷದಿಂದ ಇದ್ದೇನೆ, ಊರು ಉಡುಪಿ. ಎರಡು ವಿಷಯ ಸೇರಿಸುತ್ತೇನೆ.

ಮುಹೂರ್ತದ ಮಾತು. ಇಲ್ಲಿ ಅದಕ್ಕೆ ಒಂದು ಪದವೇ ಇತ್ತು. ಲಗ್ನಭ್ರಷ್ಟಾ. ಮದುವೆಯ ಲಗ್ನ ತಪ್ಪಿದ ಹುಡುಗಿ. ಆ ಹೆಸರು ಅಂಟಿತು ಅಂದರೆ ಆ ಕಾಲದಲ್ಲಿ ಅವಳನ್ನು ಕೇಳಲು ಬೇರೆ ಯಾರೂ ಬರುತ್ತಿರಲಿಲ್ಲ. ತಪ್ಪು ಗಂಡಿನದಾದರೂ ಸರಿ, ಮಳೆಯದಾದರೂ ಸರಿ, ಹೆಸರು ಹುಡುಗಿಗೇ. ಆದ್ದರಿಂದಲೇ ಅಪರ್ಣಾಳ ಅಪ್ಪ ಆ ಹುಚ್ಚ ಹುಡುಗನಿಗೇ ಕೊಡಲು ಸಿದ್ಧ. ಅಪರ್ಣಾಳ ಅಮ್ಮ ಬಿಲ್‌ಕುಲ್ ಬಿಡುವುದಿಲ್ಲ. ಇಡೀ ಮನೆಯಲ್ಲಿ ಹುಡುಗಿಯ ಪರವಾಗಿ ನಿಂತವಳು ಅವಳೊಬ್ಬಳು. ಅಪು ಮನೆಗೆ ಬಂದಾಗಲೇ ಈ ಹುಡುಗನ ಮುಖ ಕೃಷ್ಣನ ಹಾಗಿದೆ ಅಂದವಳೂ ಅವಳೇ. ಅವನ ಕೈಯಲ್ಲಿ ಕೊಳಲು ಬೇರೆ ಇರುತ್ತದೆ.

ಮದುಮಗನ ತಲೆಯ ಮೇಲೆ ಬೆಳ್ಳಗೆ ಶಂಕುವಿನ ಹಾಗೆ ಇರುತ್ತದಲ್ಲ, ಅದು ಟೊಪೊರ್. ಶೋಲಾ ಅನ್ನುವ ಗಿಡದ ಹಗುರ ಬೆಂಡಿನಿಂದ ಮಾಡುತ್ತಾರೆ. ನಮ್ಮ ಬಾಸಿಂಗ ಇದ್ದ ಹಾಗೆ. ಪಲ್ಲಕ್ಕಿಯಲ್ಲಿ ಆ ಹುಡುಗ ಅದನ್ನು ಕಿತ್ತು ಕಿತ್ತು ಹಾಕುತ್ತಿರುತ್ತಾನೆ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ನಮಗೆ ಗೊತ್ತಾಗಿಬಿಡುತ್ತದೆ.

ಎರಡನೆಯದು ಆ ಕೋಣೆ. ಹೊರಗಿನ ಭಾಗ ತೆಗೆದದ್ದು ಉತ್ತರ ಕೊಲ್ಕತ್ತದ ತಾಲಾ ಸೇತುವೆಯ ಹತ್ತಿರ, ರೈಲ್ವೆ ಯಾರ್ಡ್ ಪಕ್ಕ. ಒಳಗಿನ ಕೋಣೆ ಸ್ಟುಡಿಯೋದಲ್ಲಿ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಟ್ಟಿದ ಸೆಟ್. ಒಳಗೆ ಕೂತಾಗಲೂ ರೈಲಿನ ಸೀಟಿ ಕೇಳುತ್ತಲೇ ಇರುತ್ತದೆ, ಹಾಗಾಗಿ ಸೆಟ್ ಅಂತ ಗೊತ್ತೇ ಆಗುವುದಿಲ್ಲ. ಹಳೇ ಸೇತುವೆಯನ್ನು 2020ರಲ್ಲಿ ಕೆಡವಿದರು, 2022ರಲ್ಲಿ ಹೊಸದು ಬಂತು. ಹೋಗಿ ನೋಡಿದ್ದೇನೆ. ಸುಮ್ನೆ ಟ್ರಾಫಿಕ್ ಅಷ್ಟೇ.

ನಿದ್ದೆಪುರುಕ

ಹುಡುಗಿ ಪಾತ್ರ ಮಾಡಿದವರು ಶರ್ಮಿಳಾ ಟಾಗೋರ್ ಅಲ್ವಾ? ಹಿಂದಿ ಸಿನಿಮಾದಲ್ಲಿ ರಾಜೇಶ್ ಖನ್ನಾ ಜೊತೆ ಇರುವವರು?

ಹಳೇ ರೀಲು

ಅವರೇ. ಇದು ಅವರ ಮೊದಲ ಸಿನಿಮಾ. ಆಗ ಇನ್ನೂ ಶಾಲೆಗೆ ಹೋಗುವ ವಯಸ್ಸು. ಅಪು ಮಾಡಿದ ಸೌಮಿತ್ರ ಚಟರ್ಜಿಗೂ ಇದೇ ಮೊದಲನೆಯದು. ಅವರು ಆಕಾಶವಾಣಿಯಲ್ಲಿ ಉದ್ಘೋಷಕರಾಗಿದ್ದರು. ಇದರ ಹಿಂದಿನ ಭಾಗ 'ಅಪರಾಜಿತೊ' ಮಾಡುವಾಗಲೇ ರಾಯ್ ಅವರನ್ನು ನೋಡಿದ್ದರು. ಹದಿಹರೆಯದ ಅಪುವಿಗೆ ವಯಸ್ಸು ಜಾಸ್ತಿಯಾಯಿತು ಅಂತ ಆಗ ಬಿಟ್ಟರು. ಆಮೇಲೆ ರಾಯ್ ಜೊತೆ ಒಟ್ಟು 14 ಚಿತ್ರ ಮಾಡಿದರು. 2020ರ ನವೆಂಬರ್‌ನಲ್ಲಿ ತೀರಿಕೊಂಡರು.

ಇಬ್ಬರು ಹೊಸಬರು. ಒಬ್ಬರಿಗೊಬ್ಬರು ಗೊತ್ತಿಲ್ಲ. ಕೋಣೆಯ ಬಾಗಿಲು ತೆಗೆದು ಒಳಗೆ ಕರೆಯುವಾಗ ಅವರ ಮುಖದಲ್ಲಿರುವ ಮುಜುಗರ ನಟನೆಯಾ ನಿಜವಾ ಅಂತ ನನಗೆ ಈಗಲೂ ಅನುಮಾನ.

ನಿರ್ವಾಹಕರು

ಕಥೆಯ ಕೊನೆ ಬರೆಯುವವರು ಮೊದಲ ಸಾಲಿನಲ್ಲೇ ಎಚ್ಚರಿಕೆ ಕೊಡಿ. ಸಿನಿಮಾಗೆ 60 ವರ್ಷ ದಾಟಿದೆ, ಗೊತ್ತು. ಆದರೂ ಒಬ್ಬರು ದೂರು ಕೊಟ್ಟಿದ್ದಾರೆ.

ನಿವೃತ್ತ ಸಿಸ್ಟರ್

ಎಚ್ಚರಿಕೆ, ಮುಂದಿನ ಕಥೆ ಇದೆ.

ಕಾಫಿಪುಡಿ, ನಾನು ಹೆರಿಗೆ ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿದವಳು. ಈ ಸಿನಿಮಾ ನೋಡುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅಪರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಅಪು ಟ್ರಾಮ್‌ನಲ್ಲಿ, ದಾರಿಯಲ್ಲಿ, ಅವಳ ಕಾಗದ ಓದುತ್ತಾ ಬರುತ್ತಾನೆ. ನೀನು ಹೇಳಿದಷ್ಟು ಕಾಗದ ಬರೆಯಲಿಲ್ಲ ಅಂತ ಅವಳ ಮುನಿಸು. ಮನೆ ಹತ್ತಿರ ಬಂದರೆ ಅವಳ ತಮ್ಮ ನಿಂತಿದ್ದಾನೆ. ಅವನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ಮುಖ ಹೊತ್ತು ವಾರ್ಡಿನಿಂದ ಹೊರಗೆ ಹೋದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗು ಉಳಿದಿದೆ, ತಾಯಿ ಇಲ್ಲ. ಅಪು ಸುದ್ದಿ ತಂದವನಿಗೇ ಹೊಡೆಯುತ್ತಾನೆ. ಅದೂ ನಿಜವೇ.

ಈಗ ನಿಮ್ಮ ಅಮ್ಮನ ವಿಷಯ. ಆ ಕಿಟಕಿ ದೃಶ್ಯ ಇನ್ನೊಂದು ಸಲ ನೋಡಿ. ಅಪರ್ಣಾ ಅಳುತ್ತಿರುವುದು ಹರಿದ ಪರದೆ ನೋಡಿ ಅಂತ ನೀವು ಬರೆದಿದ್ದೀರಿ. ಪರದೆಯ ತೂತಿನಿಂದ ಅವಳು ಕೆಳಗೆ ನೋಡುತ್ತಾಳೆ. ಅಲ್ಲಿ ಅಂಗಳದಲ್ಲಿ ಒಬ್ಬ ತಾಯಿ ಮಗು ಇದ್ದಾರೆ. ಅದನ್ನು ನೋಡಿದ ಮೇಲೆ ಅವಳ ಮುಖ ಬದಲಾಗುತ್ತದೆ. ನಿಮ್ಮ ಅಮ್ಮ ಎದ್ದದ್ದು ಪರದೆ ನೋಡಿಯಾ, ಮಗು ನೋಡಿಯಾ?

ನಿಮ್ಮ ಮನೆಯಲ್ಲಿ ಹೆರಿಗೆಯಲ್ಲಿ ತೀರಿಕೊಂಡವರು ಯಾರಾದರೂ ಇದ್ದರೆ ಮೊದಲೇ ಕಥೆ ಹೇಳಿ, ಆಮೇಲೆ ತೋರಿಸಿ. ಸುಮ್ನೆ ಕೂರಿಸಿ ತೋರಿಸಬೇಡಿ.

ಕಾಫಿಪುಡಿ

ಸಿಸ್ಟರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ದೊಡ್ಡಮ್ಮ. ಅಮ್ಮನ ಅಕ್ಕ. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಹೆರಿಗೆಯಲ್ಲಿ ಅಂತ ಕೇಳಿದ್ದೆ. ಗೋಡೆ ಮೇಲೆ ಒಂದು ಫೋಟೋ ಇತ್ತು ಅಷ್ಟೇ. ನನಗೆ ಇದು ಹೊಳೆಯಲೇ ಇಲ್ಲ. ನಾಳೆ ಅಮ್ಮನ ಹತ್ತಿರ ಮಾತಾಡುತ್ತೇನೆ.

ಗಿರ್ಮಿಟ್

ಎಚ್ಚರಿಕೆ, ಕೊನೆಯ ಭಾಗ.

ನನಗೆ ಅಪರ್ಣಾ ಸಾಯುವುದಕ್ಕಿಂತ ಅದರ ಮುಂದಿನದ್ದೇ ಸಿಟ್ಟು. ಅಪು ಮಗುವಿನ ಮುಖವನ್ನೂ ನೋಡುವುದಿಲ್ಲ. ಮಗು ಬದುಕಿದ್ದರಿಂದ ಅಪರ್ಣಾ ಇಲ್ಲ ಅನ್ನುತ್ತಾನೆ. ಊರೂರು ಅಲೆಯುತ್ತಾನೆ, ಬೆಟ್ಟದ ಮೇಲೆ ನಿಂತು ಕಾದಂಬರಿಯ ಹಾಳೆ ತೂರುತ್ತಾನೆ, ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಐದು ವರ್ಷ! ಆ ಹುಡುಗ ಕಾಜಲ್ ಅಜ್ಜನ ಮನೆಯಲ್ಲಿ ಕಾಡುಪ್ರಾಣಿಯ ಹಾಗೆ ಬೆಳೆಯುತ್ತಾನೆ. ಮುಖವಾಡ ಹಾಕಿಕೊಂಡು ಕವಣೆಯಲ್ಲಿ ಹಕ್ಕಿ ಹೊಡೆಯುತ್ತಾನೆ. ಅಜ್ಜ ಕೋಲು ಎತ್ತುತ್ತಾನೆ.

ಹೆಂಡತಿ ಸತ್ತ ದುಃಖ ದೊಡ್ಡದು, ಒಪ್ಪಿದೆ. ಅದೇ ಹೆಂಗಸು ಗಂಡ ಸತ್ತ ದುಃಖಕ್ಕೆ ಮಗು ಬಿಟ್ಟು ಬೆಟ್ಟಕ್ಕೆ ಹೋಗಿದ್ದರೆ ನಾವು ಅದನ್ನು ಕ್ಲಾಸಿಕ್ ಅನ್ನುತ್ತಿದ್ದೆವಾ?

ಹಳೇ ರೀಲು

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ರಾಯ್ ಅವನನ್ನು ಸುಮ್ಮನೆ ಬಿಡುವುದಿಲ್ಲ. ಅಪು ವಾಪಸ್ ಬಂದಾಗ ಮಗ ಓಡಿ ಬಂದು ಅಪ್ಪಿಕೊಳ್ಳುತ್ತಾನಾ? ಇಲ್ಲ. ಕಲ್ಲು ಹೊಡೆಯುತ್ತಾನೆ. ಆಟದ ರೈಲು ತಂದರೆ ಬೇಡ ಅನ್ನುತ್ತಾನೆ. ನನ್ನಪ್ಪ ಕಲ್ಕತ್ತೆಯಲ್ಲಿದ್ದಾನೆ, ನೀನಲ್ಲ ಅನ್ನುತ್ತಾನೆ. ಅಪ್ಪ ಅಂತ ಹೇಳಿಕೊಂಡು ಗೆಲ್ಲಲು ಆಗದೆ ಕೊನೆಗೆ ಅಪು ಗೆಳೆಯ ಅಂತ ಹೇಳಿಕೊಳ್ಳುತ್ತಾನೆ. ಆಗ ಮಗ ಬರುತ್ತಾನೆ, ಹೆಗಲೇರುತ್ತಾನೆ. ಅಪ್ಪ ಅನ್ನುವ ಪದವನ್ನು ಅವನು ಕಳೆದುಕೊಂಡಿದ್ದಾನೆ.

ಬಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಅಪರಾಜಿತೊ' ಕಾದಂಬರಿಯ ಕೊನೆಯ ಭಾಗದಿಂದ ಈ ಕಥೆ ತೆಗೆದದ್ದು. ಕಾದಂಬರಿಯಲ್ಲಿ ಕೊನೆಗೆ ಅಪು ಮಗನನ್ನು ಹಳ್ಳಿಯಲ್ಲಿ ಬಿಟ್ಟು ದೂರದೇಶಕ್ಕೆ ಹೊರಡುತ್ತಾನೆ. ಸಿನಿಮಾದಲ್ಲಿ ರಾಯ್ ಅದನ್ನು ಬದಲಾಯಿಸಿ ಇಬ್ಬರನ್ನೂ ಒಟ್ಟಿಗೆ ನಡೆಸಿದರು. ನಿಮ್ಮ ಸಿಟ್ಟು ಅವರಿಗೂ ಸ್ವಲ್ಪ ಇತ್ತೋ ಏನೋ.

ಗಿರ್ಮಿಟ್

ಈ ಬದಲಾವಣೆ ಗೊತ್ತಿರಲಿಲ್ಲ. ಸಿಟ್ಟು ಎರಡಾಣೆ ಕಡಿಮೆ ಆಯಿತು.

ಹೂಗ್ಲಿ ದಂಡೆ

ಕಾಜಲ್ ಅಂದರೆ ಕಾಡಿಗೆ. ಆ ಹೆಸರು ಎಲ್ಲಿಂದ ಬಂತು ಅಂತ ಗಮನಿಸಿದ್ದೀರಾ? ಅಪು ಅಪರ್ಣಾ ಸಿನಿಮಾ ನೋಡಲು ಹೋಗಿರುತ್ತಾರೆ. ಪರದೆ ಮೇಲೆ ಯಾವುದೋ ಪೌರಾಣಿಕ. ಆ ಸಿನಿಮಾ ಪರದೆಯ ಚೌಕವೇ ಕರಗಿ ಕುದುರೆಗಾಡಿಯ ಹಿಂದಿನ ಕಿಟಕಿ ಆಗುತ್ತದೆ. ಗಾಡಿಯಲ್ಲಿ ಇಬ್ಬರೇ. ಅವನ ಸಿಗರೇಟಿಗೆ ಅವಳು ಕಡ್ಡಿ ಗೀರುತ್ತಾಳೆ. ಆ ಬೆಳಕಿನಲ್ಲಿ ಅವಳ ಮುಖ ನೋಡಿ ಅವನು, ನಿನ್ನ ಕಣ್ಣಲ್ಲಿ ಏನಿದೆ ಅಂತ ಕೇಳುತ್ತಾನೆ. ಅವನು ಕೇಳಿದ್ದು ಕವಿಯ ಪ್ರಶ್ನೆ. ಅವಳ ಉತ್ತರ ಒಂದೇ ಪದ, ಕಾಡಿಗೆ. ಇಬ್ಬರ ಜೋಡಿ ಎಷ್ಟು ಬೇರೆ ಬೇರೆ, ಎಷ್ಟು ಸರಿ ಅನ್ನುವುದು ಅಲ್ಲೇ ಇದೆ. ಮರುದಿನವೋ ಏನೋ ಅವಳು ತವರಿಗೆ ರೈಲು ಹತ್ತುತ್ತಾಳೆ.

ಇನ್ನೊಂದು ಇದೆ. ಕೆಲಸದವಳನ್ನು ಇಟ್ಟುಕೊಳ್ಳೋಣ, ಅದಕ್ಕೆ ಇನ್ನೊಂದು ಮನೆಪಾಠ ಹಿಡಿಯುತ್ತೇನೆ ಅನ್ನುತ್ತಾನೆ ಅಪು. ಅವಳು, ಇರುವ ಮನೆಪಾಠವನ್ನೇ ಬಿಡು ಅನ್ನುತ್ತಾಳೆ. ನನ್ನ ಬಡ ಗಂಡ ಮನೆಗೆ ಬೇಗ ಬರುತ್ತಾನೆ, ಆಗ ನನಗೆ ಬೇಜಾರಿರುವುದಿಲ್ಲ ಅಂತ. ದೊಡ್ಡ ಮನೆಯಿಂದ ಬಂದ ಹುಡುಗಿಯ ಲೆಕ್ಕ ಅದು.

ನಿದ್ದೆಪುರುಕ

ಸರಿ, ನಿನ್ನೆ ರಾತ್ರಿ ನೋಡಿದೆ. ಪೂರ್ತಿ. ನಿದ್ದೆ ಬರಲಿಲ್ಲ. ಸಿನಿಮಾ ಮುಗಿದ ಮೇಲೂ ಬರಲಿಲ್ಲ.

ಒಂದು ಸಣ್ಣ ಪ್ರಶ್ನೆ. ಕೆಲವು ಕಡೆ ಚಿತ್ರ ಗೀಚಿದ ಹಾಗಿತ್ತು, ಯಾಕೆ? ಇದನ್ನು ಹೊಸದಾಗಿ ಶುಚಿ ಮಾಡಿದ್ದಾರೆ ಅಂತ ಕೇಳಿದ್ದೆ.

ಹಳೇ ರೀಲು

ನೀವು ನೋಡಿದ್ದು ಹಳೇ ಪ್ರತಿ ಇರಬೇಕು. ರಾಯ್ ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನಲ್ಲಿ ಬೆಂಕಿಗೆ ಸಿಕ್ಕವು. ಸುಟ್ಟ ಸುರುಳಿಗಳನ್ನೂ ಎಸೆಯದೆ ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯವರು ಕಾಪಾಡಿ ಇಟ್ಟಿದ್ದರು. ವರ್ಷಗಳ ನಂತರ ಇಟಲಿಯ ಬೊಲೋನ್ಯಾದಲ್ಲಿ ಅದನ್ನೆಲ್ಲ ಬಿಡಿಸಿ, ಅಂಚು ಜೋಡಿಸಿ, ಅಪುವಿನ ಕಥೆಯ ಮೂರೂ ಚಿತ್ರ ಸರಿಮಾಡಿದರು. 2015ರಲ್ಲಿ ಮತ್ತೆ ತೆರೆಗೆ ಬಂತು. ಆದರೆ 'ಅಪುರ್ ಸಂಸಾರ್' ನೆಗೆಟಿವ್ ಉಪಯೋಗಕ್ಕೆ ಬಾರದಷ್ಟು ಹಾಳಾಗಿತ್ತು. ಬೇರೆ ಕಡೆ ಉಳಿದಿದ್ದ ನಕಲುಗಳಿಂದ ಮಾಡಬೇಕಾಯಿತು. ಆ ಪ್ರತಿ ಸಿಕ್ಕರೆ ನೋಡಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರ ಬೆಳಕು ಆಗ ಗೊತ್ತಾಗುತ್ತದೆ. ಅಲಾರಾಂ ದೃಶ್ಯದಲ್ಲಿ ಬೆಳಿಗ್ಗೆಯ ಹೊಗೆ ಕೂಡ ಕಾಣುತ್ತದೆ.

ಕಾಫಿಪುಡಿ

ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಅಮ್ಮನ ಹತ್ತಿರ ಕೂತು ಕೇಳಿದೆ. ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು. ಕೈಗೆ ಕೆಲಸ ಇದ್ದಾಗ ಅವರಿಗೆ ಮಾತು ಸಲೀಸು.

ನನಗೆ ಗೊತ್ತಿದ್ದ ಕಥೆ ಅರ್ಧವೇ. ದೊಡ್ಡಮ್ಮ 1973ರಲ್ಲಿ ಹೆರಿಗೆಯಾಗಿ ಮೂರನೇ ದಿನ ಹೋದರು. ಗಂಡುಮಗು ಉಳಿಯಿತು. ಅದನ್ನು ಸಾಕಿದ್ದು ಅಮ್ಮ. ಆಗ ಅಮ್ಮನಿಗೆ 20. ಹಾಲು ಕುಡಿಸಿ, ಎಣ್ಣೆ ಹಚ್ಚಿ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು. ಕೆಲವು ತಿಂಗಳಿಗೆ ಭಾವನ ಮನೆಯವರು ಬಂದು, ಎರಡನೆಯದಾಗಿ ಇವಳನ್ನೇ ಕೊಡಿ, ಮಗುವಿಗೂ ತಾಯಿಯಾಗುತ್ತದೆ ಅಂದರಂತೆ. ಆ ಭಾವನ ಮನೆಯಲ್ಲಿ ದೊಡ್ಡಮ್ಮ ಏನು ಸುಖಪಟ್ಟಿದ್ದಾಳೆ ಅಂತ ಅಜ್ಜನಿಗೆ ಗೊತ್ತಿತ್ತು. ಆಗುವುದಿಲ್ಲ ಅಂದರೆ ನೆಂಟಸ್ತಿಕೆ ಮುರಿಯುತ್ತದೆ. ಮಗಳಿಗೆ ಬೇರೆ ಕಡೆ ಗೊತ್ತಾಗಿಬಿಟ್ಟಿದೆ ಅಂತ ಸುಳ್ಳು ಹೇಳಿದರು. ಆ ಸುಳ್ಳನ್ನು ನಿಜ ಮಾಡಲು ಒಂಬತ್ತು ದಿನ ಬೇಕಾಯಿತು. ಅಜ್ಜನಿಗೆ ಹುಷಾರಿಲ್ಲ ಅನ್ನುವುದು ಊರಿಗೆ ಹೇಳಿದ ಕಾರಣ. ಅಜ್ಜ ಆಮೇಲೆ 14 ವರ್ಷ ಗಟ್ಟಿಯಾಗಿದ್ದರು!

ಮದುವೆಯಾಗಿ ಬೆಂಗಳೂರಿಗೆ ಹೊರಟಾಗ ಮಗುವಿಗೆ 11 ತಿಂಗಳು. ಅಮ್ಮ ಬಿಟ್ಟು ಬಂದರು. ವಠಾರದ ಕಿಟಕಿಯಿಂದ ಕೆಳಗೆ ನೋಡಿದರೆ ನಲ್ಲಿ ಹತ್ತಿರ ಒಬ್ಬರು ಮಗುವಿಗೆ ಸ್ನಾನ ಮಾಡಿಸುತ್ತಿದ್ದರಂತೆ. ದಿನಾ.

ಸಿಸ್ಟರ್, ನೀವು ಹೇಳಿದ್ದೇ ಸರಿ. ಪರದೆ ಅಲ್ಲ.

ನಾನು ಪೂರ್ತಿ ಕಥೆ ಮೊದಲೇ ಹೇಳಿದೆ. ಅಪರ್ಣಾ ಸಾಯುತ್ತಾಳೆ, ಮಗು ಅಜ್ಜನ ಮನೆಯಲ್ಲಿ ಉಳಿಯುತ್ತದೆ ಅಂತ. ಅಮ್ಮ ಸ್ವಲ್ಪ ಹೊತ್ತು ನಾರು ಬಿಡಿಸಿದರು. "ಮಗುವಿಗೆ ಕೊನೆಗೆ ಏನಾಗುತ್ತದೆ ಅದು ಹೇಳು, ನೋಡುವುದೋ ಬೇಡವೋ ಆಮೇಲೆ" ಅಂದರು. ಹೇಳಿದೆ. ಶನಿವಾರ ಹಾಕು ಅಂದರು.

ನಿವೃತ್ತ ಸಿಸ್ಟರ್

ಹಾಕಿ. ಕರ್ಚೀಫ್ ಇಟ್ಟುಕೊಳ್ಳಿ, ನಿಮಗೆ.

ಗಿರ್ಮಿಟ್

ಕಾಫಿಪುಡಿ ಅಕ್ಕ, ನಾನು ಮೇಲೆ ಹುಡುಗಿಯನ್ನು ಯಾರು ಕೇಳಿದರು ಅಂತ ಬರೆದಿದ್ದೆ. ನಿಮ್ಮ ಅಮ್ಮನನ್ನು ಕೇಳಿದ್ದರಾ? ಹೇಳಬೇಕು ಅಂತಿಲ್ಲ.

ಕಾಫಿಪುಡಿ

ಕೇಳಿದೆ ನಾನೂ. "ಕೇಳಿದರು. ಭಾವನಾ, ಗುಮಾಸ್ತನಾ ಅಂತ ಕೇಳಿದರು" ಅಂದರು. ನಗುತ್ತಾ ಹೇಳಿದರು, ಆದರೆ ನನಗೆ ನಗು ಬರಲಿಲ್ಲ.

ಈಗ ಶನಿವಾರದ ವರದಿ. ಮೊದಲಿನಿಂದ ಹಾಕು ಅಂದರು, ಹಾಕಿದೆ. ಸೆರಗಿನ ಗಂಟಿಗೆ ಜೋರಾಗಿ ನಕ್ಕರು. ಅವನು ಊಟ ಮಾಡುವಾಗ ಅವಳು ಬೀಸಣಿಗೆ ಬೀಸುತ್ತಾಳೆ, ಅವಳು ಊಟ ಮಾಡುವಾಗ ಅವನು ಬೀಸುತ್ತಾನಲ್ಲ, ಅಲ್ಲಿ "ನೋಡು, ನೋಡು" ಅಂತ ನನಗೆ ತಿವಿದರು. ಹೊಸ ಪರದೆ ಬಂದ ಕೂಡಲೇ ಒಂದು ಪ್ರಶ್ನೆ. ಆ ಬಟ್ಟೆ ಅವನು ತಂದನಾ, ಅವಳು ತರಿಸಿದಳಾ? ನನಗೆ ಗೊತ್ತಿಲ್ಲ ಅಂದೆ. ನಿಮ್ಮಪ್ಪ ತಂದ ಪರದೆ ಒಂದು ಗೇಣು ಗಿಡ್ಡ ಆಯಿತು, 11 ವರ್ಷ ಹಾಗೇ ಇತ್ತು ಅಂದರು. ಅಳತೆ ತೆಗೆದುಕೊಂಡು ಹೋಗಿ ಅಂದರೆ ಅಂದಾಜಿದೆ ಅಂದರಂತೆ.

ಅಪರ್ಣಾ ಹೋದಾಗ ಅಳಲಿಲ್ಲ. ಅಪು ಬೆಟ್ಟದ ಮೇಲೆ ಹಾಳೆ ತೂರಿದಾಗ ಸಿಟ್ಟು ಬಂತು. "ಗಂಡಸರಿಗೆ ಇದಕ್ಕೆಲ್ಲ ಪುರುಸೊತ್ತಿರುತ್ತದೆ. ಅಕ್ಕ ಹೋದ ಮಾರನೇ ದಿನ ನನಗೆ ಹಾಲು ಕಾಯಿಸುವುದಿತ್ತು" ಅಂದರು. ಗಿರ್ಮಿಟ್, ನಿಮ್ಮ ಪಾರ್ಟಿ ಅವರು.

ಕಾಜಲ್ ಬಂದ ಮೇಲೆ ಒಂದು ಮಾತೂ ಇಲ್ಲ. ಅವನು ಕಲ್ಲು ಹೊಡೆದಾಗ "ಹೊಡಿ" ಅಂದ ಹಾಗೆ ಕೇಳಿಸಿತು. ಹೆಗಲೇರಿದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮುಗಿದ ಮೇಲೆ ಫೋನ್ ಕೊಡು ಅಂದರು.

ಅಣ್ಣನಿಗೆ ಮಾಡಿದರು. ದೊಡ್ಡಮ್ಮನ ಮಗ, ಈಗ 52 ವರ್ಷ, ಅದೇ ತೋಟ ನೋಡಿಕೊಂಡಿದ್ದಾನೆ. ಸಿನಿಮಾ ಮಾತೇ ಎತ್ತಲಿಲ್ಲ. ಅರ್ಧ ಗಂಟೆ ಕೊಳೆರೋಗ, ಮಳೆ, ಔಷಧಿ ಹೊಡೆಯುವವರು ಸಿಗುವುದಿಲ್ಲ ಅನ್ನುವುದು, ಈ ವರ್ಷ ಕಾಳುಮೆಣಸು ಕೆಜಿಗೆ ಎಷ್ಟಿದೆ ಅನ್ನುವುದು. ಆಮೇಲೆ ಊಟ ಮಾಡಿದೆಯಾ ಅಂತ ಕೇಳಿ ಇಟ್ಟರು.

ನಿದ್ದೆಪುರುಕ

ಎಷ್ಟಿದೆಯಂತೆ ಮೆಣಸು?